ಹುಲಿ ಆಮೇಲೆ, ಮೊದಲು ಮರ

ಮಂಗಳೂರಿನ ಪಿಲಿಕುಳ ನಿಸರ್ಗಧಾಮಕ್ಕೆ ಹೋಗುತ್ತೇವೆ ಅಂದರೆ ಉಡುಪಿಯಲ್ಲಿ ಯಾರೇ ಆದರೂ ಮೊದಲು ಕೇಳುವುದು, "ಹುಲಿ ನೋಡ್ಲಿಕ್ಕಾ?" ಅಂತ. ಅಲ್ಲ, ಮರ ನೋಡಲಿಕ್ಕೆ ಅಂದೆ. ಪಕ್ಕದ ಮನೆಯವರು ನನ್ನನ್ನು ಒಮ್ಮೆ ನೋಡಿ, "ಮರ ನೋಡ್ಲಿಕ್ಕೆ ಮಂಗಳೂರಿಗೆ ಎಂತಕ್ಕೆ? ಹೆಬ್ರಿ ಕಡೆ ಹೋದ್ರೆ ಸಾಕಲ್ವಾ?" ಅಂದರು.

ಮಾತು ಸುಳ್ಳಲ್ಲ. ಹೆಬ್ರಿ ದಾಟಿ ಸೋಮೇಶ್ವರಕ್ಕೆ ಹೋದರೆ ರಸ್ತೆಯ ಎರಡೂ ಬದಿ ಕಾಡೇ. ಆದರೆ ಕಾಡಿನಲ್ಲಿ ನನ್ನಂಥವರಿಗೆ ಕಾಣುವುದು ಬರೀ ಹಸಿರು. ಯಾವುದು ಧೂಪ, ಯಾವುದು ಬೋವು ಅಂತ ಗೊತ್ತಾಗಬೇಕಾದರೆ ಒಂದೊಂದು ಮರದ ಬುಡದಲ್ಲೂ ನಿಂತು, ತೊಗಟೆ ಮುಟ್ಟಿ, ಬಿದ್ದ ಎಲೆ ಹೆಕ್ಕಿ ನೋಡಬೇಕು. ಜೊತೆಗೆ ಗೊತ್ತಿದ್ದವರೊಬ್ಬರು ಇರಬೇಕು. ಆ ವಾರ ನಮ್ಮ ಮನೆಗೆ ಪೆರ್ಡೂರಿನ ದೊಡ್ಡಮ್ಮ ಬಂದಿದ್ದರು. ಇದಕ್ಕಿಂತ ಒಳ್ಳೆಯ ಸಮಯ ಸಿಗುವುದಿಲ್ಲ ಅಂತ ಮಾರ್ಚ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಹೊರಟೇಬಿಟ್ಟೆವು. ನಾನು, ನಮ್ಮ ಯಜಮಾನರು, ಐದನೇ ಕ್ಲಾಸಿನ ಮಗ, ಮತ್ತೆ ದೊಡ್ಡಮ್ಮ.

ಹೆದ್ದಾರಿಯ ಬಗ್ಗೆ ಹೇಳುವಂಥದ್ದು ಜಾಸ್ತಿ ಇಲ್ಲ. ಪಡುಬಿದ್ರಿ, ಮೂಲ್ಕಿ, ಸುರತ್ಕಲ್. ಮಧ್ಯೆ ಒಂದು ಕಡೆ ಬನ್ಸ್ ಮತ್ತು ಚಾ. ಹಿಂದೆ ಈ ದಾರಿಯಲ್ಲಿ ನೆರಳು ಹೇಗಿತ್ತು ಅಂತ ದೊಡ್ಡಮ್ಮ ಶುರು ಮಾಡಿದರು. ರಸ್ತೆ ಅಗಲ ಮಾಡುವಾಗ ಹೋದ ಗೋಳಿಮರಗಳನ್ನು ಅವರು ಊರಿನ ಹೆಸರಿನ ಜೊತೆಗೇ ನೆನಪಿಟ್ಟುಕೊಂಡಿದ್ದಾರೆ.

ಕೂಳೂರಿನಲ್ಲಿ ತಿರುಗಿ ಕಾವೂರು, ಬೊಂದೆಲ್ ಮೇಲಿಂದ ಹೋದೆವು. ಪಚ್ಚನಾಡಿ ಹತ್ತಿರ ಬಂದಾಗ ಕಾರಿನ ಗಾಜು ಏರಿಸಬೇಕಾಯಿತು. ಮಂಗಳೂರಿನ ಕಸ ಬಂದು ಬೀಳುವುದು ಇಲ್ಲಿಯೇ. 2019ರ ಆಗಸ್ಟ್ ಮಳೆಗೆ ಈ ಕಸದ ಗುಡ್ಡ ಜಾರಿ ಕೆಳಗಿನ ಮಂದಾರದಲ್ಲಿ ಅಡಿಕೆ ತೋಟಗಳನ್ನು ಮುಚ್ಚಿ ಹಾಕಿತ್ತು. ಮರ ನೋಡಲು ಹೋಗುವವರು ಈ ದಾರಿಯಲ್ಲೇ ಹೋಗುವುದು ಒಳ್ಳೆಯದೇ ಅಂತ ನನಗನಿಸಿತು. ಯಜಮಾನರಿಗೆ ಹಾಗೆ ಅನಿಸಲಿಲ್ಲ, ಅವರು ಸ್ಪೀಡ್ ಜಾಸ್ತಿ ಮಾಡಿದರು.

ವಾಮಂಜೂರು ದಾಟಿ ಸ್ವಲ್ಪ ಮುಂದೆ ಪಿಲಿಕುಳ. ಪೂರ್ತಿ ಹೆಸರು ಡಾ. ಶಿವರಾಮ ಕಾರಂತ ಪಿಲಿಕುಳ ನಿಸರ್ಗಧಾಮ. ಸುಮಾರು 370 ಎಕರೆ. ಮೃಗಾಲಯ, ಕೆರೆ, ದೋಣಿ, ವಿಜ್ಞಾನ ಕೇಂದ್ರ, 2018ರಲ್ಲಿ ಶುರುವಾದ ತಾರಾಲಯ, ತುಳುನಾಡಿನ ಹಳೆಯ ಯಜಮಾನಿಕೆಯ ಮನೆಯಾದ ಗುತ್ತಿನ ಮನೆ, ನೀರಾಟದ ಪಾರ್ಕ್, ಎಲ್ಲ ಒಂದೇ ಕಡೆ. ಒಂದು ದಿನದಲ್ಲಿ ಎಲ್ಲವನ್ನೂ ನೋಡುತ್ತೇವೆ ಅಂತ ಹೊರಟವರು ಸಂಜೆ ಹೊತ್ತಿಗೆ ಕಾಲುನೋವು ಬಿಟ್ಟು ಬೇರೇನೂ ತಗೊಂಡು ಹೋಗುವುದಿಲ್ಲ. ನಾವು ಮೊದಲೇ ತೀರ್ಮಾನ ಮಾಡಿದ್ದೆವು. ಬಿಸಿಲು ಏರುವ ಮೊದಲು ಮರ, ಆಮೇಲೆ ಹುಲಿ. ಮಗನ ಮುಖ ಊದಿಕೊಂಡಿತು. "ಹುಲಿ ಎಲ್ಲಿಗೂ ಓಡಿ ಹೋಗುದಿಲ್ಲ ಮಗಾ" ಅಂದರು ದೊಡ್ಡಮ್ಮ. "ಮರಾನೂ ಓಡಿ ಹೋಗುದಿಲ್ಲಲ್ಲ ಅಜ್ಜಿ" ಅಂದ ಅವನು. ಅದಕ್ಕೆ ನಮ್ಮ ಯಾರಲ್ಲೂ ಉತ್ತರ ಇರಲಿಲ್ಲ.

ಪಶ್ಚಿಮ ಘಟ್ಟದ ಮರಗಳನ್ನು ತಂದು ನೆಟ್ಟು ಬೆಳೆಸಿದ ಸಸ್ಯೋದ್ಯಾನ ಇದು. ಹೂವಿನ ಪಾತಿ, ಕತ್ತರಿಸಿದ ಬೇಲಿ, ಅಂಥದ್ದೆಲ್ಲ ಹುಡುಕಿಕೊಂಡು ಬಂದವರಿಗೆ ಇಲ್ಲಿ ಬೇಸರವಾದೀತು. ನೆಲದಲ್ಲಿ ಒಣ ಎಲೆ, ಮೇಲೆ ನೆರಳು, ನಡುವೆ ಕೆಂಪು ಮಣ್ಣಿನ ದಾರಿ. ಅಷ್ಟೇ. ಇದು ಮುರಕಲ್ಲಿನ, ಅಂದರೆ ಜಂಬಿಟ್ಟಿಗೆಯ ಗುಡ್ಡೆ. ಮಂಗಳೂರಿಗೆ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುತ್ತದೆ, ಸರಿ. ಆದರೆ ಬೀಳುವುದೆಲ್ಲ ಹೆಚ್ಚುಕಡಿಮೆ ನಾಲ್ಕೈದು ತಿಂಗಳಲ್ಲಿ. ಆಮೇಲೆ ಮೇ ತನಕ ಕಲ್ಲು ಕಾಯುತ್ತದೆ. ಘಟ್ಟದ ತಂಪಿನಲ್ಲಿ ಬೆಳೆಯುವ ಮರವನ್ನು ಇಂಥ ನೆಲದಲ್ಲಿ ಎಬ್ಬಿಸುವುದು ಸುಲಭದ ಮಾತಲ್ಲ.

ಮೊದಲು ಸಿಕ್ಕಿದ್ದು ಧೂಪದ ಮರ. ಸಾಲುಧೂಪ ಅನ್ನುತ್ತಾರೆ. ನೇರ ಕಾಂಡ, ದೊಡ್ಡ ಗಟ್ಟಿ ಎಲೆ. ಗಾಯ ಮಾಡಿದರೆ ಸುರಿಯುವ ಅಂಟು ಒಣಗಿದ ಮೇಲೆ ಧೂಪ. ಆಚೆ ಕಿರಾಲ್‌ಬೋವು. ಅದರ ಮರಕ್ಕೆ ಗೆದ್ದಲು ಸುಲಭಕ್ಕೆ ಹಿಡಿಯುವುದಿಲ್ಲ. ಪೆರ್ಡೂರಿನ ಹಳೆಮನೆಯ ತೊಲೆ ಇದರದ್ದೇ ಅಂತ ದೊಡ್ಡಮ್ಮ ಕಾಂಡಕ್ಕೆ ಎರಡು ಸಲ ತಟ್ಟಿದರು. ಧೂಪ, ಬೋವು ಎರಡೂ ಒಂದೇ ಕುಟುಂಬದವು. ಇವುಗಳ ಬೀಜವನ್ನು ಭತ್ತದ ಹಾಗೆ ಒಣಗಿಸಿ ಇಡಲು ಆಗುವುದಿಲ್ಲ. ಒಣಗಿದರೆ ಸತ್ತಿತು. ಬಿದ್ದ ಕೆಲವೇ ದಿನಗಳಲ್ಲಿ ಮಣ್ಣಿಗೆ ಹಾಕಬೇಕು. ಹಾಗಾಗಿ ಇಂಥ ಮರಗಳನ್ನು ಉಳಿಸುವುದು ಅಂದರೆ ಡಬ್ಬಿಯಲ್ಲಿ ಬೀಜ ಇಡುವುದಲ್ಲ, ಮರವನ್ನೇ ಎಲ್ಲಾದರೂ ಬೆಳೆಸಿ ಇಡಬೇಕು. ಇಂಥ ತೋಟ ಯಾಕೆ ಬೇಕು ಅಂತ ಕೇಳುವವರಿಗೆ ಇದೊಂದೇ ಸಾಕು.

ನಾಗಸಂಪಿಗೆ ಚಿಗುರಿತ್ತು. ಚಿಗುರು ಅಂದರೆ ಹಸಿರಲ್ಲ, ಕೆಂಪು. ಎಳೆ ಎಲೆಗಳು ಗೊಂಚಲಾಗಿ ಕೆಳಗೆ ಜೋತುಬಿದ್ದು, ದೂರದಿಂದ ಇಡೀ ಮರ ಹೂ ಬಿಟ್ಟ ಹಾಗೆ ಕಾಣುತ್ತದೆ. ಎಳೆ ಎಲೆಯನ್ನು ಬಿಸಿಲಿನಿಂದ, ಹುಳದಿಂದ ಕಾಪಾಡಲು ಈ ಬಣ್ಣ ಅನ್ನುತ್ತಾರೆ. ಇಲ್ಲಿಗೆ ಬಂದಾಗ ಮಗ ಹುಲಿಯ ವಿಷಯ ಬಿಟ್ಟ. ಯಜಮಾನರೂ ಫೋನ್ ಒಳಗಿಟ್ಟರು.

ಅಶೋಕ ಕೂಡ ಹೂ ಬಿಟ್ಟಿತ್ತು. ನಮ್ಮ ಶಾಲೆಗಳ ಅಂಗಳದಲ್ಲಿ ಕಂಬದ ಹಾಗೆ ನೆಟ್ಟಗೆ ನಿಂತಿರುವ ಮರ ಅಲ್ಲ. ಅದಕ್ಕೆ ಅಶೋಕ ಅನ್ನುವುದು ರೂಢಿ ಅಷ್ಟೇ, ಅದು ಸೀತಾಫಲದ ಸಂಬಂಧಿ. ಇದು ನಿಜವಾದ್ದು, ಅಶೋಕಾರಿಷ್ಟದ ಅಶೋಕ. ಹೂಗೊಂಚಲು ಕೊಂಬೆಗೆ, ಕಾಂಡಕ್ಕೇ ಅಂಟಿಕೊಂಡು ಬರುತ್ತದೆ. ಮೊದಲು ಹಳದಿ, ಆಮೇಲೆ ಕಿತ್ತಳೆ, ಕೊನೆಗೆ ಕೆಂಪು. ಒಂದೇ ಗೊಂಚಲಿನಲ್ಲಿ ಮೂರೂ ಬಣ್ಣ ಇತ್ತು. ಈ ಹೂವಿಗೆ ದಳ ಇಲ್ಲ ಅಂದರೆ ನಂಬುವುದು ಕಷ್ಟ. ನಾವು ದಳ ಅಂದುಕೊಳ್ಳುವುದೆಲ್ಲ ಮೊಗ್ಗನ್ನು ಮುಚ್ಚುವ ಪುಷ್ಪಪಾತ್ರೆಯ ಭಾಗ.

ನಿಜವಾದ ಪಾಠ ಆದದ್ದು ಹಾಲೆ ಮರದ ಬುಡದಲ್ಲಿ. ತುಳುವಿನಲ್ಲಿ ಪಾಲೆ. ತುಳು ತಿಂಗಳು ಆಟಿಯ ಅಮಾವಾಸ್ಯೆಯ ಬೆಳಿಗ್ಗೆ ಇಡೀ ಕರಾವಳಿ ಇದರ ತೊಗಟೆಯ ಕಷಾಯ ಕುಡಿಯುತ್ತದೆ. ಸೂರ್ಯ ಹುಟ್ಟುವ ಮೊದಲು ಹೋಗಿ, ಕತ್ತಿ ತಾಗಿಸದೆ, ಕಲ್ಲಿನಿಂದ ಜಜ್ಜಿ ತೊಗಟೆ ತರಬೇಕು. ಓಮ, ಕರಿಮೆಣಸು, ಬೆಳ್ಳುಳ್ಳಿ ಹಾಕಿ ಅರೆದು, ಕೆಂಡದಲ್ಲಿ ಕಾಯಿಸಿದ ಬೆಣಚುಕಲ್ಲಿನ ಒಗ್ಗರಣೆ. ಕಹಿ ಅಂದರೆ ಎಂಥ ಕಹಿ ಮಾರಾಯ್ರೆ! ಕುಡಿದ ಮೇಲೆ ಮೆಂತೆ ಗಂಜಿ ಸಿಗುತ್ತದೆ ಅನ್ನುವ ಆಸೆಗೇ ನಾವು ಕುಡಿಯುತ್ತಿದ್ದುದು.

ದೊಡ್ಡಮ್ಮ ಹಾಲೆ ಮರವನ್ನು ತೋರಿಸಿ ಮುಗಿಸಲಿಲ್ಲ. ಸುತ್ತ ನೋಡಿ, ಕಾಸರಕದ ಮರ ಎಲ್ಲುಂಟು ಅಂತ ಹುಡುಕಿಸಿದರು. ತುಳುವಿನ ಕಾಯೆರ್. ಮುರಕಲ್ಲಿನ ಗುಡ್ಡೆಗಳಲ್ಲಿ ತಾನಾಗಿಯೇ ಬೆಳೆಯುವ ಮರ, ಸಿಗಲು ತಡವಾಗಲಿಲ್ಲ. ಇದರ ಬೀಜದಲ್ಲಿ, ತೊಗಟೆಯಲ್ಲಿ ಸ್ಟ್ರಿಕ್ನಿನ್ ಎಂಬ ಘೋರ ವಿಷ ಇದೆ. ಇದೂ ಕಹಿಯೇ. ಕತ್ತಲಲ್ಲಿ ಹಾಲೆ ಅಂತ ಕಾಸರಕದ ತೊಗಟೆ ತಂದು ಪ್ರಾಣಕ್ಕೆ ಕುತ್ತು ತಂದುಕೊಂಡವರ ಸುದ್ದಿ ನಮ್ಮ ಜಿಲ್ಲೆಗಳಲ್ಲಿ ಬಂದದ್ದುಂಟು. ದೊಡ್ಡಮ್ಮ ಮಗನನ್ನು ಹತ್ತಿರ ಕರೆದರು. "ನೋಡು. ಹಾಲೆ ಎಲೆ ಎಷ್ಟುಂಟು ಒಂದೇ ಗಂಟಲ್ಲಿ?" ಅವನು ಎಣಿಸಿ ಏಳು ಅಂದ. ಕೆಲವು ಗಂಟಿನಲ್ಲಿ ಐದಾರು ಕೂಡ ಇರುತ್ತದೆ, ಆದರೆ ಛತ್ರಿಯ ಹಾಗೆ ಸುತ್ತಲೂ ಬರುವುದು ಖಂಡಿತ. ಎಲೆ ಮುರಿದರೆ ಬಿಳಿ ಹಾಲು. ಕಾಸರಕದ ಎಲೆ ಎದುರುಬದುರು ಎರಡೆರಡೇ. ಹೊಳೆಯುವ ಎಲೆ, ಬುಡದಿಂದಲೇ ಹೊರಡುವ ಮೂರೋ ಐದೋ ಗೆರೆ. ಹಾಲು ಬರುವುದಿಲ್ಲ. ಕಿತ್ತಳೆ ಬಣ್ಣದ ಚಂದದ ಹಣ್ಣು, ಮಕ್ಕಳು ಕೈಹಾಕುವಂಥದ್ದು.

"ಅಮಾವಾಸ್ಯೆ ದಿನ ಟಾರ್ಚ್ ಹಿಡ್ಕೊಂಡು ಮರ ಹುಡುಕುದಲ್ಲ. ಹಿಂದಿನ ದಿನ ಬೆಳಕಲ್ಲಿ ನೋಡಿ, ಬುಡಕ್ಕೆ ನೂಲು ಕಟ್ಟಿ ಬರ್ಬೇಕು" ಅಂದರು ದೊಡ್ಡಮ್ಮ. ಈ ಒಂದು ಮಾತಿಗಾಗಿಯಾದರೂ ಎರಡು ಮರವನ್ನು ಅಕ್ಕಪಕ್ಕ ನಿಂತು ನೋಡಬೇಕು ಅಂತ ನಾನು ಎಲ್ಲರಿಗೂ ಹೇಳುತ್ತಿರುತ್ತೇನೆ.

ಆಮೇಲೆ ಸ್ವಲ್ಪ ನಗೆಯೂ ಆಯಿತು. ಇಪ್ಪತ್ತೇಳು ನಕ್ಷತ್ರಕ್ಕೂ ಒಂದೊಂದು ಮರ ಅಂತ ನಮ್ಮಲ್ಲಿ ಹೇಳುತ್ತಾರಲ್ವಾ? ಭರಣಿಗೆ ನೆಲ್ಲಿ, ಕೃತ್ತಿಕೆಗೆ ಅತ್ತಿ, ರೋಹಿಣಿಗೆ ನೇರಳೆ. ಅಶ್ವಿನಿಗೆ ಇದೇ ಕಾಸರಕ. ಯಜಮಾನರದು ಅಶ್ವಿನಿ. ದೊಡ್ಡಮ್ಮ ಅದನ್ನು ನೆನಪಿಸಿದ ಮೇಲೆ ಮಧ್ಯಾಹ್ನದವರೆಗೂ ನನಗೆ ಬೇರೆ ಮನರಂಜನೆ ಬೇಕಾಗಲಿಲ್ಲ.

ಒಂದು ಬೇಸರ. ಕೆಲವು ಮರದ ಕಾಂಡದಲ್ಲಿ ಹೃದಯದ ಚಿತ್ರ, ಎರಡು ಅಕ್ಷರ. ಎಲೆ ತಯಾರಿಸಿದ ಆಹಾರ ಬೇರಿಗೆ ಇಳಿಯುವುದು ತೊಗಟೆಯ ಒಳಪದರದಲ್ಲೇ. ಅದನ್ನು ಸುತ್ತಲೂ ಕೊರೆದರೆ ಮರ ಸಾಯುತ್ತದೆ, ಅರ್ಧ ಕೊರೆದರೆ ಹುಳಕ್ಕೆ, ಬೂಸ್ಟಿಗೆ ಬಾಗಿಲು ತೆರೆದ ಹಾಗೆ. ಪ್ರೀತಿಯನ್ನು ವಾಟ್ಸಾಪ್ ಸ್ಟೇಟಸ್‌ನಲ್ಲಿ ಹಾಕಿದರೆ ಸಾಲದಾ?

ಔಷಧಿ ಗಿಡಗಳ ಭಾಗವನ್ನು ಬೇಗ ಮುಗಿಸಿದೆವು. ಆಡುಸೋಗೆ, ಅಮೃತಬಳ್ಳಿ, ನೆಕ್ಕಿ, ಹೆಚ್ಚಿನವು ದೊಡ್ಡಮ್ಮನ ಹಿತ್ತಲಿನಲ್ಲೇ ಇರುವವು. ಅವರಿಗೆ ಅಲ್ಲಿ ನಿಲ್ಲುವ ಉತ್ಸಾಹ ಇರಲಿಲ್ಲ. ಮೃಗಾಲಯದಲ್ಲಿ ಹುಲಿ ನೆರಳಿನಲ್ಲಿ ಮಲಗಿತ್ತು. ಕಾಳಿಂಗ ಸರ್ಪಗಳನ್ನು ಇಲ್ಲಿ ಮರಿ ಮಾಡಿಸಿದ್ದಾರೆ, ಅದಕ್ಕೆ ಪಿಲಿಕುಳಕ್ಕೆ ಹೆಸರೂ ಇದೆ. ಮಗನಿಗೆ ತೃಪ್ತಿ ಆಯಿತು. ಆದರೆ ಮಧ್ಯಾಹ್ನ ಒಂದು ಗಂಟೆಯ ಮಾರ್ಚ್ ಬಿಸಿಲು ಮನುಷ್ಯರಿಗೂ ಹುಲಿಗೂ ಒಂದೇ. ಹೋಗುವವರು ಬೆಳಿಗ್ಗೆ ಬೇಗ ಹೋಗಿ, ನೀರು ಟೊಪ್ಪಿ ಮರೆಯಬೇಡಿ. ಸೋಮವಾರ ರಜೆ ಅನ್ನುವುದೂ ನೆನಪಿರಲಿ.

ವಾಮಂಜೂರಿನಲ್ಲಿ ಊಟ ಮಾಡಿ, ಬಿಸಿಲು ಇಳಿದ ಮೇಲೆ ಕದ್ರಿ ಪಾರ್ಕಿಗೆ ಬಂದೆವು. ಇದು ತೋಟಗಾರಿಕೆ ಇಲಾಖೆಯ ಉದ್ಯಾನ. ಗಣರಾಜ್ಯೋತ್ಸವದ ಹೊತ್ತಿಗೆ ಫಲಪುಷ್ಪ ಪ್ರದರ್ಶನ ನಡೆಯುವುದು ಇಲ್ಲೇ. ನಾವು ಹೋದಾಗ ಆ ಗದ್ದಲ ಇರಲಿಲ್ಲ. ಹುಲ್ಲುಹಾಸು, ಕ್ರೋಟನ್ನು, ಬೋಗನ್‌ವಿಲ್ಲಾ, ವಾಕಿಂಗ್ ಮಾಡುವ ನಿವೃತ್ತರು, ಚುರುಮುರಿ. ಪಿಲಿಕುಳದಿಂದ ಬಂದವರ ಕಣ್ಣಿಗೆ ಇಲ್ಲಿ ಎಲ್ಲ ತಲೆ ಬಾಚಿ ಕೂತ ಹಾಗೆ ಕಾಣುತ್ತದೆ. ನನಗೆ ಕದ್ರಿ ಇಷ್ಟವೇ. ಊರಿನ ನಡುವೆ ಬೆಂಚು, ನೆರಳು, ಅವಸರ ಇಲ್ಲದ ಸಂಜೆ ಯಾರಿಗೆ ಬೇಡ? ಆದರೆ ಗಿಡ ನೋಡಿ ಕಲಿಯುವುದಕ್ಕೆ ಬಂದರೆ ಇಲ್ಲಿ ಬೇರೆಯೇ ಪಾಠ.

ಗುಲ್‌ಮೊಹರ್ ಮಡಗಾಸ್ಕರಿನದ್ದು. ಮಳೆಮರ, ನಾಗಲಿಂಗ ದಕ್ಷಿಣ ಅಮೆರಿಕದವು. ಮಗ ಇದನ್ನೆಲ್ಲ ಫೋನಿನಲ್ಲಿ ನೋಡಿ ಓದುತ್ತಾ ಬಂದ. ನಾಗಲಿಂಗ ಹೊರಗಿನದ್ದು ಅಂದಾಗ ದೊಡ್ಡಮ್ಮ ಒಪ್ಪಲಿಲ್ಲ. "ಹೂವಿನೊಳಗೆ ಲಿಂಗ ಉಂಟು, ಮೇಲೆ ನಾಗನ ಹೆಡೆ ಉಂಟು, ಹೊರಗಿನದ್ದು ಹೇಗಾಗ್ತದೆ?" ಅಂದರು. ಗೇರು ಕೂಡ ಬ್ರೆಜಿಲಿನದ್ದು, ಪೋರ್ಚುಗೀಸರು ತಂದದ್ದು ಅಂತ ಅವನು ಮುಂದುವರಿಸಿದ. ಗೇರುಬೀಜದ ಫ್ಯಾಕ್ಟರಿಗಳಲ್ಲಿ ದುಡಿದ ಹೆಂಗಸರಿಂದಲೇ ಮನೆ ನಡೆದ ಊರು ನಮ್ಮದು. ದೊಡ್ಡಮ್ಮ ಸ್ವಲ್ಪ ಹೊತ್ತು ಯೋಚಿಸಿ, "ಬಂದು ಇಷ್ಟು ವರ್ಷ ಆಯ್ತಲ್ಲ, ಇನ್ನು ಊರಿನದ್ದೇ" ಅಂತ ತೀರ್ಪು ಕೊಟ್ಟರು. ನಾಗಲಿಂಗದ ವಿಷಯದಲ್ಲಿ ಮಾತ್ರ ರಾಜಿ ಆಗಲಿಲ್ಲ.

ಗಡ್‌ಬಡ್ ಐಸ್‌ಕ್ರೀಮ್ ತಿನ್ನದೆ ಮಂಗಳೂರಿನಿಂದ ಹೊರಟರೆ ಮಗ ಸುಮ್ಮನಿರುತ್ತಾನಾ? ಅದೂ ಆಯಿತು.

ವಾಪಸ್ ಬರುವ ದಾರಿಯಲ್ಲಿ ಒಂದು ನರ್ಸರಿ ಕಂಡಿತು. ದೊಡ್ಡಮ್ಮ ಕಾರು ನಿಲ್ಲಿಸಿದರು, ಅಂದರೆ ನಿಲ್ಲಿಸಲು ಹೇಳಿದರು. ಪುನರ್ಪುಳಿ (ಕೋಕಂ) ಗಿಡ ಬೇಕಂತೆ. ನರ್ಸರಿಯವರು ಎರಡು ತರಹದ್ದು ತೋರಿಸಿದರು, ಬೀಜದ ಗಿಡ ಮತ್ತು ಕಸಿ ಗಿಡ. ಬೆಲೆಯಲ್ಲಿ ದೊಡ್ಡ ವ್ಯತ್ಯಾಸ. ಯಜಮಾನರ ಕೈ ಬೀಜದ ಗಿಡದ ಕಡೆ ಹೋಯಿತು. ದೊಡ್ಡಮ್ಮ ತಡೆದರು. ಪುನರ್ಪುಳಿಯಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಬೀಜದಿಂದ ಬಂದ ಗಿಡ ಯಾವುದು ಅಂತ ಗೊತ್ತಾಗುವುದು ವರ್ಷಗಟ್ಟಲೆ ಕಾದು ಹೂ ಬಿಟ್ಟ ಮೇಲೆಯೇ. ಅಷ್ಟು ನೀರು ಹೊತ್ತ ಮೇಲೆ ಗಂಡು ಅಂತಾದರೆ ಹಣ್ಣಿಲ್ಲ. ಹಣ್ಣು ಬಿಡುವ ಮರದ ಕೊಂಬೆಯಿಂದ ಕಸಿ ಕಟ್ಟಿದರೆ ಈ ತಾಪತ್ರಯ ಇಲ್ಲ, ಬೇಗ ಹಣ್ಣೂ ಬರುತ್ತದೆ.

ಕಸಿ ಗಿಡವನ್ನೇ ತಂದೆವು. ಮನೆಯ ಮುಂದೆ ಐದು ಸೆಂಟ್ಸ್ ಜಾಗದಲ್ಲಿ ಮಣ್ಣು ಕಾಣುವುದು ಒಂದೇ ಮೂಲೆ, ಅಲ್ಲಿ ಕಾರು ನಿಲ್ಲುತ್ತದೆ. "ಕಾರು ಎಲ್ಲಿ ನಿಲ್ಲಿಸುದು?" ಅಂತ ಯಜಮಾನರು ಕೇಳಿದರು. "ರಸ್ತೆಯಲ್ಲಿ. ಕಾರಿಗೆ ಬೇರು ಇಲ್ಲಲ್ಲ" ಅಂದರು ದೊಡ್ಡಮ್ಮ. ಮಾತುಕತೆ ಇನ್ನೂ ನಡೆಯುತ್ತಿದೆ. ಗಿಡ ಸದ್ಯಕ್ಕೆ ಬಾವಿಕಟ್ಟೆಯ ಪಕ್ಕ ಪ್ಲಾಸ್ಟಿಕ್ ತೊಟ್ಟೆಯಲ್ಲೇ ಉಂಟು. ಜೂನ್ ಮಳೆ ಹಿಡಿಯುವ ಮೊದಲು ಒಂದು ತೀರ್ಮಾನ ಆಗಲೇಬೇಕು.