ಎರಡೇ ಬಟನ್‌ನಲ್ಲಿ ಹದೋಕೆನ್

ಸ್ಟ್ರೀಟ್ ಫೈಟರ್ 2 ಎಂಬ ಹೊಡೆದಾಟದ ಆಟ ಆರ್ಕೇಡ್‌ಗೆ (ನಾಣ್ಯ ಹಾಕಿ ಆಡುವ ಯಂತ್ರಕ್ಕೆ) ಬಂದದ್ದು 1991ರಲ್ಲಿ, ಆರು ಬಟನ್‌ಗಳೊಂದಿಗೆ. 1995ರಲ್ಲಿ ನಿಂಟೆಂಡೊದ ಕೈಯಾಟದ ಯಂತ್ರ ಗೇಮ್ ಬಾಯ್‌ಗೆ ಇಳಿದಾಗ ಉಳಿದದ್ದು ಎರಡೇ ಬಟನ್, 160×144 ಪಿಕ್ಸೆಲ್, ನಾಲ್ಕು ಛಾಯೆ. ತಟ್ಟಿ ಬಿಟ್ಟರೆ ಹಗುರ ಏಟು, ಒತ್ತಿ ಹಿಡಿದರೆ ಭಾರಿ ಏಟು. ಈ ಉಪಾಯವನ್ನು ನಿಜವಾಗಿ ದಕ್ಕಿಸಿಕೊಂಡದ್ದು ಇನ್ನೊಂದು ಕೈಯಾಟದ ಯಂತ್ರ, ನಿಯೋ ಜಿಯೋ ಪಾಕೆಟ್ ಕಲರ್. ಅದರ ಪುಟ್ಟ ಸ್ಟಿಕ್‌ನೊಳಗೆ ಮೈಕ್ರೋಸ್ವಿಚ್‌ಗಳಿವೆ. ಹದೋಕೆನ್, ಅಂದರೆ ಕೈಯಿಂದ ಶಕ್ತಿಯ ಉಂಡೆ ಎಸೆಯುವ ಏಟಿಗಾಗಿ, ಕೆಳಗೆ, ಓರೆ, ಮುಂದೆ ಎಂದು ಹೊರಳಿಸಿದರೆ ಹೆಬ್ಬೆರಳಿಗೇ ಟಿಕ್ ಟಿಕ್ ಎಂದು ತಿಳಿಯುತ್ತದೆ. ಇಷ್ಟು ಚಂದದ ಸ್ಟಿಕ್ ಇನ್ನಾವ ಕೈಯಾಟದ ಯಂತ್ರದಲ್ಲೂ ಇಲ್ಲ ಎಂದೇ ನನ್ನ ಅಭಿಪ್ರಾಯ.

ಹಳೆಯ ಗೇಮ್ ಬಾಯ್‌ನಲ್ಲಿ ಹದೋಕೆನ್ ಬರುತ್ತಿಲ್ಲವೇ? ಬಹುಪಾಲು ತಪ್ಪು ನಿಮ್ಮ ಬೆರಳಿನದಲ್ಲ. ಡಿ-ಪ್ಯಾಡ್ (ದಿಕ್ಕು ಒತ್ತುವ ಬಟನ್) ಕೆಳಗಿನ ರಬ್ಬರ್ ಪದರದಲ್ಲಿ ಕೊಳೆ ಕೂತರೆ ಒಂದು ದಿಕ್ಕು ತಡವಾಗಿ ತಾಗುತ್ತದೆ, ನಡುವಿನ ಓರೆ ತಪ್ಪಿಹೋಗುತ್ತದೆ. ಬ್ಯಾಟರಿ ತೆಗೆದು, ಮೂರು ಸೀಳಿನ ಸ್ಕ್ರೂಡ್ರೈವರ್‌ನಿಂದ ಬಿಚ್ಚಿ. ಹತ್ತಿಕಡ್ಡಿಗೆ ಶೇ. 90ಕ್ಕಿಂತ ಹೆಚ್ಚಿನ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಬೋರ್ಡಿನ ಸಂಪರ್ಕಗಳನ್ನು ಒರೆಸಿ. ರಬ್ಬರಿನ ಕಪ್ಪು ಚುಕ್ಕಿಗಳನ್ನು ಮಾತ್ರ ಕೆರೆಯಬೇಡಿ. ಆ ಕಾರ್ಬನ್ ಹೋದರೆ ಪದರವನ್ನೇ ಬದಲಿಸಬೇಕು. ಪೂರ್ತಿ ಒಣಗಿದ ಮೇಲೆಯೇ ಮುಚ್ಚಿ. ಸ್ಕ್ರೂ ಬಿಗಿ ಹೆಚ್ಚಾದರೆ ಪ್ಲಾಸ್ಟಿಕ್ ಸೀಳುತ್ತದೆ.