ಮಾಡೆಲ್ 12 ಸಂಗ್ರಹ: ಆರನೆಯದು ಬಂತು, ಏಮಾರಿದ್ದೂ ಆಯ್ತು

ಕಳೆದ ಸಲ ಬರೆದಾಗ ಐದು ಕೋವಿ ಇದ್ದವು. ಈಗ ಆರು. ಆದರೆ ಆರನೆಯದನ್ನು ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ ಗೊತ್ತಾಗ್ತಿಲ್ಲ.

ಹೊಸದಾಗಿ ಓದುವವರಿಗೆ: ನಾನು ಕೂಡಿಹಾಕ್ತಿರೋದು ಅಮೆರಿಕದ ವಿಂಚೆಸ್ಟರ್ ಕಂಪನಿಯ ಮಾಡೆಲ್ 12 ಕೋವಿ ಒಂದನ್ನೇ. ಬ್ರೌನಿಂಗ್ ರೂಪಿಸಿದ್ದ 1897ರ ಪಂಪ್ ಕೋವಿಯಲ್ಲಿ (ಮುಂದಿನ ಹಿಡಿಯನ್ನು ಹಿಂದೆಮುಂದೆ ಎಳೆದು ತೋಟಾ ಏರಿಸುವಂಥದ್ದು) ಹ್ಯಾಮರ್, ಅಂದರೆ ತೋಟಾ ಸಿಡಿಸಲು ಬಡಿಯುವ ಭಾಗ, ಹೊರಗೆ ಕಾಣುತ್ತಿತ್ತು. ಟಿ.ಸಿ. ಜಾನ್ಸನ್ ಅದನ್ನು ಒಳಗೆ ಅಡಗಿಸಿ ಈ ಕೋವಿ ಮಾಡಿದರು. 1912ರಲ್ಲಿ ಮೊದಲು ಬಂದದ್ದು 20 ಗೇಜ್ ಮಾತ್ರ (ಗೇಜ್ ಅಂದರೆ ನಳಿಗೆಯ ಒಳಗಿನ ಅಗಲದ ಅಳತೆ; ಸಂಖ್ಯೆ ದೊಡ್ಡದಾದಷ್ಟೂ ನಳಿಗೆ ಕಿರಿದು). 12 ಮತ್ತು 16 ಆಮೇಲೆ. 1960ರ ದಶಕದಲ್ಲಿ ಮಾಮೂಲಿ ತಯಾರಿಕೆ ನಿಲ್ಲುವಷ್ಟರಲ್ಲಿ ನ್ಯೂ ಹೇವನ್ ಕಾರ್ಖಾನೆಯಿಂದ ಸುಮಾರು 20 ಲಕ್ಷ ಹೊರಬಿದ್ದಿದ್ದವು. ಒಂದೊಂದು ಭಾಗವನ್ನೂ ಉಕ್ಕಿನಲ್ಲಿ ಕಡೆದು ಮಾಡುವ ಖರ್ಚು ಕೊನೆಗೆ ಗಿಟ್ಟಲಿಲ್ಲ.

"ಎಲ್ಲಾ ಒಂದೇ ಕೋವಿ ತಾನೇ? ಮತ್ತೆ ಯಾಕ್ರೀ ಇನ್ನೊಂದು?" ಅಂತ ಹೆಂಡತಿ ಪ್ರತಿ ಸಲ ಕೇಳ್ತಾಳೆ. ಈ ಸಲ ನನ್ನ ಹತ್ತಿರ ಉತ್ತರ ಇತ್ತು: 16 ಗೇಜ್ ಇರಲಿಲ್ಲ.

ತೀರಿಕೊಂಡವರೊಬ್ಬರ ಆಸ್ತಿಯ ಹರಾಜಿನಲ್ಲಿ ಸಿಕ್ಕಿದ್ದು. ನಳಿಗೆ 26 ಇಂಚು, ಮೇಲೆ "ಫುಲ್" ಅಂತ ಚೋಕ್ ಗುರುತು (ಚೋಕ್ ಅಂದರೆ ಚರೆ ಹರಡದಂತೆ ನಳಿಗೆಯ ತುದಿಯನ್ನು ಕಿರಿದು ಮಾಡಿರೋದು; ಫುಲ್ ಅಂದರೆ ತೀರಾ ಕಿರಿದು). ಸೀರಿಯಲ್ ನಂಬರ್ ಎರಡು ಕಡೆ ಇರುತ್ತೆ: ರಿಸೀವರ್ (ಕೋವಿಯ ನಡುವಿನ ಯಂತ್ರಭಾಗ) ಕೆಳಗೊಂದು, ಬಿಚ್ಚುವಾಗ ನಳಿಗೆಯ ಜೊತೆ ಬರುವ ಮುಂಭಾಗದ ಕೆಳಗೊಂದು. ಎರಡೂ ಒಂದೇ ಇದ್ದವು. ಅಷ್ಟಕ್ಕೇ ಹಿಗ್ಗಿ ಹರಾಜು ಕೂಗೋಕೆ ಕೈ ಎತ್ತಿಬಿಟ್ಟೆ.

ಮನೆಗೆ ತಂದು ಬಿಚ್ಚಿದೆ. ಮ್ಯಾಗಜೀನ್ (ನಳಿಗೆಯ ಕೆಳಗೆ ತೋಟಾ ತುಂಬುವ ಕೊಳವೆ) ತುದಿಯ ಪಿನ್ ಒತ್ತಿ, ಆ ಕೊಳವೆಯನ್ನು ಕಾಲು ಸುತ್ತು ತಿರುಗಿಸಿ ಮುಂದಕ್ಕೆ ಎಳೆದರೆ, ನಳಿಗೆಯೂ ಕಾಲು ಸುತ್ತಿಗೆ ಕಳಚಿಕೊಳ್ಳುತ್ತೆ. ಕೂಡಿಸಿದಾಗ ಒಂದಿಷ್ಟೂ ಅಲ್ಲಾಡಲಿಲ್ಲ. ಸವೆದು ಸಡಿಲವಾದರೆ ಬಿಗಿ ಮಾಡಿಕೊಳ್ಳಲು ಹಲ್ಲಿರುವ ಬಳೆಯೊಂದು ಅಲ್ಲೇ ಇದೆ. ಇದರಲ್ಲಿ ಅದನ್ನು ಯಾರೂ ಮುಟ್ಟಿದಂತಿರಲಿಲ್ಲ. ಖುಷಿಯಾಯ್ತು.

ಆಮೇಲೆ ವರ್ನಿಯರ್ ಮಾಪಕ ತೆಗೆದು ನಳಿಗೆಯ ಮೂತಿ ಅಳೆದೆ. 0.66 ಇಂಚಿನ ಮೇಲೆ. ಅಂದರೆ ಚೋಕ್ ಅನ್ನೋದೇ ಇಲ್ಲ; ಫುಲ್ ಆಗಿದ್ದರೆ 0.64ರ ಆಸುಪಾಸು ಇರಬೇಕು. ದೀಪದ ಕೆಳಗೆ ಹಿಡಿದಾಗ ಉಳಿದದ್ದೂ ಕಂಡಿತು. ಮುಂದಿನ ಗುರಿಮಣಿ ಮೂತಿಗೆ ತೀರಾ ಹತ್ತಿರ, ಅಂಚಿನ ಬಣ್ಣ ಬೇರೆ, ಅರದ ಗೀರು ಸಣ್ಣಗೆ. 28 ಇಂಚಿನ ನಳಿಗೆಯನ್ನು ಯಾರೋ ಎರಡು ಇಂಚು ಕತ್ತರಿಸಿದ್ದಾರೆ. ಚೋಕ್ ಇರೋದೇ ಆ ತುದಿಯಲ್ಲಿ, ಅದೂ ಹೋಯ್ತು. 26 ಇಂಚು ಕಾರ್ಖಾನೆಯದ್ದೇ ಅಳತೆ ಆದ್ದರಿಂದ ಹರಾಜಿನಲ್ಲಿ ನನಗೆ ಅನುಮಾನವೇ ಬರಲಿಲ್ಲ. ಜೇಬಿನಲ್ಲಿದ್ದ ವರ್ನಿಯರ್ ತೆಗೆಯೋಕೆ ಏನು ರೋಗ ಅಂತ ಆ ರಾತ್ರಿಯೆಲ್ಲಾ ಬೈದುಕೊಂಡೆ.

ಬೇರೆ ನಳಿಗೆ ಹುಡುಕಿ ಹಾಕಬಹುದು. ಹಾಕಿದರೆ ನಂಬರ್ ಕೂಡಲ್ಲ. ಅದು ನನಗೆ ಇನ್ನೂ ದೊಡ್ಡ ಸುಳ್ಳು ಅನ್ನಿಸುತ್ತೆ. ಇದ್ದ ಹಾಗೇ ಇರಲಿ, ಹಾರುವ ಮಣ್ಣಿನ ಬಿಲ್ಲೆಗೆ (ಕ್ಲೇ) ಗುಂಡು ಹೊಡೆಯೋಕೆ ಆಗುತ್ತೆ. ಅದಕ್ಕೂ ಮೊದಲು ಚೇಂಬರ್ (ತೋಟಾ ಕೂರುವ ಗೂಡು) ಅಳೆಸಬೇಕು. ಹಳೆಯ 16ಗಳ ಚೇಂಬರ್ 2 9/16 ಇಂಚು, ಈಗಿನ ತೋಟಾ 2¾. ಒಳಗೇನೋ ಹೋಗುತ್ತೆ, ಹಾರಿಸಿದಾಗ ತೋಟಾದ ಬಾಯಿಯ ಮಡಿಕೆ ಬಿಚ್ಚೋಕೆ ಜಾಗ ಸಾಲದೆ ಒತ್ತಡ ಏರುತ್ತೆ. ನನ್ನ ಹಳೇ 20ರ ಚೇಂಬರೂ ಹೀಗೇ ಗಿಡ್ಡ, 2½. ಆದ್ದರಿಂದ ಅದು ಬೀರು ಬಿಟ್ಟು ಹೊರಗೆ ಬರಲ್ಲ.

ಕಾಗದದ ಕೆಲಸ ಈ ಸಲ ಸಲೀಸು. ಎಟಿಎಫ್ (ಬಂದೂಕು ನೋಡಿಕೊಳ್ಳುವ ಅಮೆರಿಕದ ಕೇಂದ್ರ ಇಲಾಖೆ) ಕೊಡುವ ಸಂಗ್ರಾಹಕರ ಲೈಸೆನ್ಸ್‌ಗೆ 3 ವರ್ಷಕ್ಕೆ 30 ಡಾಲರ್. 50 ವರ್ಷ ದಾಟಿದ ಕೋವಿಗಳಿಗೆ ಅನ್ವಯ. ದಾಖಲೆ ಪುಸ್ತಕದಲ್ಲಿ 16ರ ಸಾಲು ಬರೆದಾಗ ಷರಾ ಅಂತ ಒಂದು ಕಾಲಂ ಇರಬೇಕಿತ್ತು ಅನ್ನಿಸಿತು.

ಮಾಡೆಲ್ 12ರ ಬಾತುಬೇಟೆಯ ಮಾದರಿ ಹೆವಿ ಡಕ್ ನನ್ನ ಹತ್ತಿರ ಇದೆಯಾ ಅಂತ ಕೇಳಿದ್ದವರಿಗೆ: ಇದೆ, 3 ಇಂಚಿನ ತೋಟಾ ನುಂಗುವ 12 ಗೇಜ್, ಕೆಂಪು ರಬ್ಬರ್ ಪ್ಯಾಡ್ ಗಟ್ಟಿಯಾಗಿ ಕಲ್ಲಾಗಿದೆ. ಬದಲಿಸಲ್ಲ. ಭುಜ ನೋಯಲಿ.

28 ಗೇಜ್ ಆಸೆ ಬಿಟ್ಟೆ. ಮಾಡಿದ್ದೇ ಕಡಿಮೆ, ಬೆಲೆ ಕೈಗೆಟುಕಲ್ಲ, ಅದರಲ್ಲಿ ನಕಲಿಗಳ ಕಾಟ. ಎರಡಿಂಚು ಕತ್ತರಿಸಿದ್ದನ್ನೇ ಕಾಣದವನು ಅದನ್ನು ಹೇಗೆ ಹಿಡೀತೀನಿ? ಪಾಯಿಂಟ್ 410ರ ಮಾಡೆಲ್ 42 ಇದೇ ಮನೆತನದ ಪುಟ್ಟ ಕೂಸು, ಆದರೆ ಬೇರೆ ಮಾಡೆಲ್. ಪಟ್ಟಿಗೆ ಸೇರಿಸಲ್ಲ ಅಂತ ಹೋದ ವರ್ಷವೇ ಬರೆದಿದ್ದೆ. ಈಗ ಅಷ್ಟು ಖಡಾಖಂಡಿತವಾಗಿ ಹೇಳಲಾರೆ.

ಶನಿವಾರ ಒಂದು ಸ್ಕೀಟ್ ಕೋವಿ (ಕ್ಲೇ ಹೊಡೆಯುವ ಒಂದು ಬಗೆಯ ಸ್ಪರ್ಧೆಯದ್ದು) ನೋಡೋಕೆ ಹೋಗ್ತಿದ್ದೀನಿ, ಡಬ್ಲ್ಯೂಎಸ್-1 ಅನ್ನೋ ಚೋಕ್ ಗುರುತಿನದ್ದು. ವರ್ನಿಯರ್ ಅಲ್ಲದೆ ನಳಿಗೆ ಅಳೆಯುವ ಮರದ ಕೋಲೂ ಕಾರಿನಲ್ಲಿದೆ.