ಮಾತ್ರೆ ಮರೆತರೆ ಗರ್ಭ ನಿಲ್ಲುತ್ತಾ, ಅಕ್ಕಾ?

ಆಶಾ ಕಾರ್ಯಕರ್ತೆಯಾಗಿ ಮನೆಮನೆಗೆ ಮಾಲಾ-ಎನ್ ಎಂಬ, ದಿನಕ್ಕೊಂದು ನುಂಗುವ ಗರ್ಭನಿರೋಧಕ ಮಾತ್ರೆ ತಲುಪಿಸುವ ನನಗೆ ಈ ಪ್ರಶ್ನೆ ಯಾವಾಗಲೂ ಪಿಸುಮಾತಿನಲ್ಲೇ ಬರುತ್ತದೆ. ಅತ್ತೆ ಒಳಗಿರುತ್ತಾರೆ, ಸೊಸೆ ಬಾಗಿಲವರೆಗೆ ಕಳಿಸಲು ಬಂದು, "ಅಕ್ಕಾ, ನಿನ್ನೆ ಮಾತ್ರೆ ಮರೆತುಬಿಟ್ಟೆ" ಅನ್ನುತ್ತಾಳೆ.

ಒಂದೇ ಮಾತ್ರೆ ತಪ್ಪಿದ್ದರೆ ಹೆದರಬೇಡಿ. ನೆನಪಾದ ಕೂಡಲೇ ನುಂಗಿ, ಇವತ್ತಿನದನ್ನು ಅದರ ಹೊತ್ತಿಗೇ ತೆಗೆದುಕೊಳ್ಳಿ. ಒಂದೇ ದಿನ ಎರಡಾದರೂ ಪರವಾಗಿಲ್ಲ, ಹೊಟ್ಟೆ ಸ್ವಲ್ಪ ತೊಳಸಬಹುದು ಅಷ್ಟೆ.

ಬೆನ್ನುಬೆನ್ನಿಗೆ ಎರಡೋ ಮೂರೋ ತಪ್ಪಿದರೆ ಹಾಗಲ್ಲ. ಒಂದನ್ನು ತಕ್ಷಣ ನುಂಗಿ, ದಿನಕ್ಕೊಂದರಂತೆ ಮುಂದುವರಿಸಿ, ಏಳು ದಿನ ಸತತವಾಗಿ ಮಾತ್ರೆ ಹೊಟ್ಟೆಗೆ ಹೋಗುವವರೆಗೆ ನಿರೋಧ್ (ಕಾಂಡೋಮ್) ಬಳಸಿ. ಅಂಡಾಶಯ ಮತ್ತೆ ಸುಮ್ಮನಾಗಲು ಅಷ್ಟು ದಿನ ಬೇಕು.

ಆದರೆ ನನಗೆ ನಿಜಕ್ಕೂ ಭಯ ಹುಟ್ಟಿಸುವುದು ಯಾರೂ 'ಮರೆವು' ಎಂದು ಲೆಕ್ಕಕ್ಕೇ ಹಿಡಿಯದ ಇನ್ನೊಂದು ತಪ್ಪು. ಪಟ್ಟಿಯ 28 ಮಾತ್ರೆಗಳಲ್ಲಿ 21 ಹಾರ್ಮೋನಿನವು, ಕೊನೆಯ 7 ಬರೀ ಕಬ್ಬಿಣದವು. ಕಬ್ಬಿಣದ ಮಾತ್ರೆ ಬಿಟ್ಟರೆ ಗರ್ಭ ನಿಲ್ಲುವುದಿಲ್ಲ, ನಿಜ. ಆದರೆ ಆ ವಾರದಲ್ಲಿ ಅಂಡಾಶಯ ಮೆಲ್ಲಗೆ ಎಚ್ಚರಗೊಳ್ಳುತ್ತಿರುತ್ತದೆ. ಹಾರ್ಮೋನಿನ ಬಿಡುವು ಏಳು ದಿನಕ್ಕೆ ಮುಗಿದರೆ ಸರಿ. "ತವರಿಗೆ ಹೋಗಿದ್ದೆ, ಬಂದಮೇಲೆ ಹೊಸ ಪಟ್ಟಿ ಶುರು ಮಾಡಿದೆ" ಎಂದು ಅದು ಒಂಬತ್ತು, ಹತ್ತು ದಿನಕ್ಕೆ ಎಳೆದರೆ ಅಂಡ ಬಿಡುಗಡೆಯಾಗಿಬಿಡಬಹುದು. ತಿಂಗಳ ನಡುವೆ ಒಂದು ಮಾತ್ರೆ ಮರೆತವಳಿಗಿಂತ ಇವಳಿಗೇ ಅಪಾಯ ಹೆಚ್ಚು.

ಅದಕ್ಕೇ, ಮೂರನೇ ವಾರದಲ್ಲಿ ಎರಡು ತಪ್ಪಿದರೆ ಹಾರ್ಮೋನಿನವನ್ನು ಮುಗಿಸಿ, ಕಬ್ಬಿಣದವನ್ನು ಬಿಟ್ಟು, ಮರುದಿನವೇ ಹೊಸ ಪಟ್ಟಿ ತೆರೆಯಿರಿ. ಮೊದಲ ವಾರದಲ್ಲೇ ತಪ್ಪಿ, ಆ ದಿನಗಳಲ್ಲಿ ಗಂಡನೊಡನೆ ಸೇರಿದ್ದರೆ ತುರ್ತು ಗರ್ಭನಿರೋಧಕ ಮಾತ್ರೆಯ ಬಗ್ಗೆ ಬೇಗ ಕೇಳಿ. ಅದು 72 ಗಂಟೆಯೊಳಗೆ, ಎಷ್ಟು ಬೇಗವಾದರೆ ಅಷ್ಟು ಒಳ್ಳೆಯದು. ಅದನ್ನು ನುಂಗಿದ ಮೂರು ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ನುಂಗಬೇಕು. ಟಿಬಿಗೆ ರಿಫಾಂಪಿಸಿನ್ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿ; ಅದು ಮಾಲಾ-ಎನ್ ಬಲವನ್ನೇ ಕುಗ್ಗಿಸುತ್ತದೆ.

ಛಾಯಾ ಎಂಬ ಇನ್ನೊಂದು ಗರ್ಭನಿರೋಧಕ ಮಾತ್ರೆಗೆ ಈ ಲೆಕ್ಕ ಹೊಂದುವುದಿಲ್ಲ. ಅದು ಮೊದಲ ಮೂರು ತಿಂಗಳು ವಾರಕ್ಕೆರಡು, ಆಮೇಲೆ ವಾರಕ್ಕೊಂದು. ಒಂದೆರಡು ದಿನ ತಡವಾದರೆ ಕೂಡಲೇ ನುಂಗಿ, ಮುಂದಿನ ಮುಟ್ಟಿನವರೆಗೆ ನಿರೋಧ್ ಬಳಸಿ. ಏಳು ದಿನ ಮೀರಿದರೆ ಮತ್ತೆ ಮೊದಲಿನಿಂದ.

ಮಾಲಾ-ಎನ್ ತಪ್ಪದೆ ನುಂಗಿದರೆ ವರ್ಷಕ್ಕೆ ನೂರು ಹೆಂಗಸರಲ್ಲಿ ಒಬ್ಬರಿಗೂ ಗರ್ಭ ನಿಲ್ಲುವುದು ಅಪರೂಪ; ಮರೆವು, ತಡ ಎಲ್ಲ ಸೇರಿದರೆ ಸುಮಾರು ಏಳು ಜನರಿಗೆ ನಿಲ್ಲುತ್ತದೆ. ಹಾಗಾಗಿ ಮರೆತೆ ಎಂದವಳನ್ನು ನಾನು ಬೈಯುವುದಿಲ್ಲ. "ಮುಂದಿನ ಪಟ್ಟಿ ಮನೆಯಲ್ಲಿದೆಯಾ?" ಎಂದು ಕೇಳಿ, ಇಲ್ಲವೆಂದರೆ ಅಲ್ಲೇ ಚೀಲದಿಂದ ತೆಗೆದುಕೊಡುತ್ತೇನೆ.